ಲೈಸೆನ್ಸ್ ಒಬ್ಬರದು, ಪೈಪ್ ಹಾಕಿದವರು ಇನ್ನೊಬ್ಬರು: ಒಂದು ಯುಜಿಡಿ ಗುತ್ತಿಗೆಯ ಪ್ರಕರಣ

ಮಧ್ಯ ಕರ್ನಾಟಕದ ಒಂದು ಪುರಸಭೆ ಊರು. ಅಲ್ಲಿನ ಒಂದು ವಾರ್ಡಿಗೆ ಒಳಚರಂಡಿ (ಯುಜಿಡಿ) ಲೈನ್ ಹಾಕಬೇಕಿತ್ತು. ಮನೆಮನೆಗೆ ಯುಜಿಡಿ ಕನೆಕ್ಷನ್ ಕೊಡಬೇಕಿತ್ತು. ಅದೇ ಬೀದಿಗಳಲ್ಲಿ ತುಕ್ಕು ಹಿಡಿದ ಹಳೇ ನೀರಿನ ಲೈನನ್ನೂ ಬದಲಾಯಿಸಬೇಕಿತ್ತು. ಮೂರೂ ಸೇರಿ ಒಂದೇ ಟೆಂಡರ್, ಮೊತ್ತ ಒಂದೂಕಾಲು ಕೋಟಿಯ ಆಸುಪಾಸು, ಒಂಬತ್ತು ತಿಂಗಳ ಗಡುವು.

ಕೆಲಸ ಮುಗಿಯಿತು, ಬಿಲ್ಲೂ ಆಯಿತು. ಆದರೆ ಒಂದು ಬೀದಿಯ ಪೈಪನ್ನು ಎರಡು ಸಲ ಹೂಳಬೇಕಾಯಿತು. ಅದನ್ನು ಸರಿ ಮಾಡಿದ ಮನುಷ್ಯನ ಹೆಸರು ಕಡತದಲ್ಲಿ ಎಲ್ಲೂ ಇಲ್ಲ. ಹೀಗೆ ಏಕಾಯಿತು, ಇದರಲ್ಲಿ ಲೈಸೆನ್ಸಿನ ನಿಯಮಗಳ ಪಾಲು ಎಷ್ಟು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ನಾನು ಗುತ್ತಿಗೆದಾರನೂ ಅಲ್ಲ, ಎಂಜಿನಿಯರೂ ಅಲ್ಲ. ಗುತ್ತಿಗೆದಾರರಿಗೆ ಟೆಂಡರ್ ಹಾಕಿಕೊಡುವುದು ನನ್ನ ಕಸುಬು. ಕಾಗದ ಜೋಡಿಸುವುದು, ಸ್ಕ್ಯಾನ್ ಮಾಡುವುದು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಪೋರ್ಟಲ್‌ಗೆ ಏರಿಸುವುದು. ಈ ಪ್ರಕರಣದ ಗುತ್ತಿಗೆದಾರರು, ಪೈಪ್ ಹಾಕಿದ ಮೇಸ್ತ್ರಿ ಇಬ್ಬರೂ ನನ್ನ ಅಂಗಡಿಗೆ ಬರುವವರೇ. ಹಾಗಾಗಿ ಊರಿನ ಹೆಸರು, ಅವರ ಹೆಸರು ಬಿಟ್ಟಿದ್ದೇನೆ.

ಟೆಂಡರ್ ಏನು ಕೇಳಿತು

ಕರ್ನಾಟಕದಲ್ಲಿ ಸರ್ಕಾರಿ ಕಾಮಗಾರಿ ಹಿಡಿಯಬೇಕಾದರೆ ಮೊದಲು ನೋಂದಣಿ ಬೇಕು. ಲೋಕೋಪಯೋಗಿ ಇಲಾಖೆಯಲ್ಲಿ ಸಿವಿಲ್ ಗುತ್ತಿಗೆದಾರರಿಗೆ ಒಂದರಿಂದ ನಾಲ್ಕರವರೆಗೆ ದರ್ಜೆಗಳಿವೆ. ಒಂದನೇ ದರ್ಜೆಯವರು ದೊಡ್ಡವರು, ನಾಲ್ಕನೇ ದರ್ಜೆಯವರು ಈಗಷ್ಟೇ ಕಣ್ಣು ಬಿಟ್ಟವರು. ಯಾವ ದರ್ಜೆಯವರು ಎಷ್ಟು ಮೊತ್ತದ ಕೆಲಸ ಹಿಡಿಯಬಹುದು ಅನ್ನುವ ಮಿತಿ ಇದೆ. ಜನ ಇದನ್ನೇ 'ಲೈಸೆನ್ಸ್' ಅನ್ನುತ್ತಾರೆ. ಪ್ಯಾನ್, ಜಿಎಸ್‌ಟಿ, ಬ್ಯಾಂಕಿನ ಸಾಲ್ವೆನ್ಸಿ ಸರ್ಟಿಫಿಕೇಟ್ (ಹಣದ ತಾಕತ್ತಿದೆ ಅನ್ನುವ ಪತ್ರ), ಹಿಂದೆ ಮಾಡಿದ ಕೆಲಸದ ಪತ್ರ ಇವೆಲ್ಲ ಅದರ ಸಾಮಾನು.

ಇಲ್ಲಿ ಒಂದು ವಿಷಯ ಗಮನಿಸಬೇಕು. ವೈರಿಂಗ್ ಕೆಲಸಕ್ಕೆ ಎಲೆಕ್ಟ್ರಿಕಲ್ ಲೈಸೆನ್ಸ್ ಅಂತ ಬೇರೆಯೇ ಇದೆ. ಸಿವಿಲ್ ಲೈಸೆನ್ಸ್ ಇಟ್ಟುಕೊಂಡು ಕರೆಂಟ್ ಕೆಲಸ ಹಿಡಿಯಲು ಬರುವುದಿಲ್ಲ. ಒಳಚರಂಡಿಗೆ, ನೀರಿನ ಲೈನಿಗೆ ನಮ್ಮ ಕಡೆಯ ಟೆಂಡರ್‌ಗಳಲ್ಲಿ ಹಾಗೆ ಬೇರೆ ಲೈಸೆನ್ಸ್ ಕೇಳಿದ್ದನ್ನು ನಾನು ಕಂಡಿಲ್ಲ. ಶಾಲಾ ಕೊಠಡಿ ಕಟ್ಟಿದವರೂ, ರಸ್ತೆಗೆ ಡಾಂಬರು ಹಾಕಿದವರೂ, ಒಳಚರಂಡಿ ಪೈಪ್ ಹೂಳುವವರೂ ಅದೇ ಸಿವಿಲ್ ನೋಂದಣಿಯ ಮೇಲೇ ಬರುತ್ತಾರೆ. ಬೆಂಗಳೂರಲ್ಲಿ ಜಲಮಂಡಳಿ ತನ್ನದೇ ಪರವಾನಗಿ ಪಡೆದ ಪ್ಲಂಬರ್‌ಗಳನ್ನು ಇಟ್ಟುಕೊಂಡಿದೆ, ಮನೆ ಕನೆಕ್ಷನ್ ಅವರ ಮೂಲಕವೇ ಆಗಬೇಕು. ನಮ್ಮಂಥ ಊರಲ್ಲಿ ಆ ಕೆಲಸವೂ ದೊಡ್ಡ ಟೆಂಡರಿನ ಹೊಟ್ಟೆಯೊಳಗೇ ಹೋಗಿಬಿಡುತ್ತದೆ.

ನೋಂದಣಿ ದಾಟಿದ ಮೇಲೆ ಟೆಂಡರಿನ ಅರ್ಹತೆ. ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ಅನ್ವಯಿಸುವ ಕರ್ನಾಟಕ ಪಾರದರ್ಶಕತೆ ಕಾಯ್ದೆ 1999ರದ್ದು. ಅದರಡಿ ಬಂದ ಮಾದರಿ ಟೆಂಡರ್ ದಾಖಲೆಗಳಲ್ಲಿ ದೊಡ್ಡ ಕೆಲಸಗಳಿಗೆ ಬಳಸುವುದು ಕೆ.ಡಬ್ಲ್ಯು-4. ಈ ಕೆಲಸಕ್ಕೂ ಅದೇ ಇತ್ತು. ಅದರಲ್ಲಿ ಮುಖ್ಯವಾಗಿ ಕೇಳುವುದು ಇವು: ವರ್ಷದ ವಹಿವಾಟು ಎಷ್ಟು, ಇದೇ ತರಹದ ಒಂದು ಕೆಲಸವನ್ನು ಮುಖ್ಯ ಗುತ್ತಿಗೆದಾರರಾಗಿ ಮುಗಿಸಿದ್ದೀರಾ, ಒಂದೇ ವರ್ಷದಲ್ಲಿ ಇಷ್ಟು ಮೀಟರ್ ಪೈಪ್, ಇಷ್ಟು ಕಾಂಕ್ರೀಟ್ ಮಾಡಿದ್ದೀರಾ, ಯಂತ್ರಗಳು ಸ್ವಂತದ್ದೋ ಬಾಡಿಗೆಯವೋ, ಎಂಜಿನಿಯರ್ ಇದ್ದಾರಾ. ಕೊನೆಯಲ್ಲಿ ಟೆಂಡರ್ ಸಾಮರ್ಥ್ಯದ ಲೆಕ್ಕ.

ಆ ಲೆಕ್ಕ ಹೀಗೆ: ಎ × ಎನ್ × 1.5 − ಬಿ. 'ಎ' ಅಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚು ಸಿವಿಲ್ ಕೆಲಸದ ಮೊತ್ತ. 'ಎನ್' ಅಂದರೆ ಈ ಕೆಲಸದ ಗಡುವು, ವರ್ಷದ ಲೆಕ್ಕದಲ್ಲಿ. 'ಬಿ' ಅಂದರೆ ಆ ಅವಧಿಯಲ್ಲಿ ಮುಗಿಸಬೇಕಾದ ಕೈಲಿರುವ ಕೆಲಸ. ನಮ್ಮ ಗುತ್ತಿಗೆದಾರರು ಒಂದು ವರ್ಷ ಸುಮಾರು 3 ಕೋಟಿ ಕೆಲಸ ಮಾಡಿದ್ದರು, ಬಹುಪಾಲು ರಸ್ತೆ. ಒಂಬತ್ತು ತಿಂಗಳು ಅಂದರೆ 0.75 ವರ್ಷ. ಗುಣಿಸಿದರೆ 3.37 ಕೋಟಿ. ಕೈಲಿದ್ದ ಕೆಲಸ ಸುಮಾರು 1.6 ಕೋಟಿ ಕಳೆದರೂ ಪೌನೆ ಎರಡು ಕೋಟಿ ಉಳಿಯಿತು. ಸಲೀಸಾಗಿ ಪಾಸ್.

'ಇದೇ ತರಹದ ಕೆಲಸ' ಅನ್ನುವ ಕಾಲಮ್ಮಿಗೆ ಅವರು ಬೇರೆ ಊರಿನ ಒಂದು ಯುಜಿಡಿ ಕೆಲಸದ ಸರ್ಟಿಫಿಕೇಟ್ ಕೊಟ್ಟರು. ಅದು ಅಸಲಿ ಸರ್ಟಿಫಿಕೇಟೇ. ಕೆಲಸವೂ ಅವರ ಹೆಸರಲ್ಲೇ ಆಗಿತ್ತು. ಆ ಕೆಲಸದಲ್ಲಿ ಪೈಪ್ ಹಾಕಿದವರು ಯಾರು ಅಂತ ಸರ್ಟಿಫಿಕೇಟಿನಲ್ಲಿ ಬರೆದಿರಲಿಲ್ಲ. ಬರೆಯುವ ಪದ್ಧತಿಯೂ ಇಲ್ಲ. ಅದನ್ನು ಹಾಕಿದ್ದು ಇಲ್ಲಿ ಬರುವ ಮೇಸ್ತ್ರಿ.

ಮೇಸ್ತ್ರಿಯ ಕಾಗದಗಳು

ಮೇಸ್ತ್ರಿ ಐಟಿಐ ಪ್ಲಂಬಿಂಗ್ ಓದಿದವರು. ಹತ್ತಾರು ವರ್ಷ ಬೇರೆಯವರ ಕೈ ಕೆಳಗೆ ಪೈಪ್ ಹಾಕಿದ್ದಾರೆ. ಹಳೇ ಕಾಲದ ಜೇಡಿಪೈಪು, ಸಿಮೆಂಟ್ ಪೈಪು, ಈಗಿನ ಡಿ.ಡಬ್ಲ್ಯು.ಸಿ (ಎರಡು ಪದರದ ಪ್ಲಾಸ್ಟಿಕ್) ಪೈಪು, ಎಲ್ಲ ಗೊತ್ತು. ಈ ಟೆಂಡರ್ ಕರೆಯುವ ಮೊದಲೇ ಒಂದು ದಿನ ನನ್ನ ಅಂಗಡಿಗೆ ಬಂದಿದ್ದರು.

"ಸಾರ್, ನನ್ನ ಹೆಸರಲ್ಲೇ ಒಂದು ಲೈಸೆನ್ಸ್ ಮಾಡಿಸಿಕೊಡಿ. ಎಷ್ಟು ದಿನ ಅಂತ ಇನ್ನೊಬ್ಬರ ಬೋರ್ಡ್ ಹಾಕ್ಕೊಂಡು ಕೆಲಸ ಮಾಡೋದು?"

"ಮಾಡಿಸೋಣ ಮೇಸ್ತ್ರಿ. ನೀವು ಮಾಡಿರೋ ಕೆಲಸದ ಸರ್ಟಿಫಿಕೇಟ್ ಏನಿದೆ?"

ಅವರು ಮೊಬೈಲ್ ತೆಗೆದರು. ಫೋಟೋಗಳು. ತೋಡಿದ ಕಾಲುವೆ, ಸಾಲಾಗಿ ಇಳಿಸಿದ ಪೈಪ್, ಒಳಗೆ ಅಚ್ಚುಕಟ್ಟಾಗಿ ಗಾರೆ ಮಾಡಿದ ಚೇಂಬರ್. ಒಂದು ಚೇಂಬರಿನ ಫೋಟೋ ಹಿಗ್ಗಿಸಿ ತೋರಿಸಿದರು. ತಳದಲ್ಲಿ ನೀರು ಹರಿಯಲು ಅರ್ಧಚಂದ್ರದ ಹಾಗೆ ಕಾಲುವೆ ತಿದ್ದಿ, ಎರಡೂ ಬದಿ ದಂಡೆಯನ್ನು ಒಳಕ್ಕೆ ಇಳಿಜಾರು ಮಾಡಿದ್ದರು. ಕೊಳಕು ನಿಲ್ಲಬಾರದು ಅಂತ. ಕೆಲಸ ನೋಡಿದರೆ ಕಣ್ಣಿಗೆ ಹಿತ. ಆದರೆ ಪೋರ್ಟಲ್ ಫೋಟೋ ಕೇಳುವುದಿಲ್ಲ.

ಕಾಗದ ಅಂತ ಇದ್ದದ್ದು ಐಟಿಐ ಪ್ರಮಾಣಪತ್ರ, ಆಧಾರ್, ಪ್ಯಾನ್, ಒಂದು ಉಳಿತಾಯ ಖಾತೆ. ಇಷ್ಟು ವರ್ಷದ ಕೂಲಿ, ಪೀಸ್ ವರ್ಕಿನ ದುಡ್ಡು ಎಲ್ಲ ನಗದಾಗಿ ಬಂದಿತ್ತು. ಮೀಟರಿಗೆ ಇಷ್ಟು ಅಂತ ಬಾಯಿಮಾತಿನ ಒಪ್ಪಂದ, ಶನಿವಾರ ಸಂಜೆ ಬಟವಾಡೆ. ಸರ್ಕಾರದ ಕಣ್ಣಿಗೆ ಅವರ ವಹಿವಾಟು ಸೊನ್ನೆ. ಮೇಲಿನ ಲೆಕ್ಕದಲ್ಲಿ 'ಎ' ಸೊನ್ನೆಯಾದರೆ ಯಾವುದರಿಂದ ಗುಣಿಸಿದರೂ ಸೊನ್ನೆಯೇ ಅಲ್ವಾ.

ಪ್ಲಂಬಿಂಗ್ ಕೌಶಲ ಮಂಡಳಿಯಂಥವರು ಅನುಭವಿ ಪ್ಲಂಬರ್‌ಗಳಿಗೆ ಪೂರ್ವಕಲಿಕೆಯ ಮಾನ್ಯತೆ ಅಂತ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತಾರೆ. ಒಳ್ಳೆಯ ಯೋಜನೆ. ಖಾಸಗಿ ಕಟ್ಟಡದ ಕೆಲಸಕ್ಕೆ, ಗಲ್ಫ್‌ಗೆ ಹೋಗುವವರಿಗೆ ತೋರಿಸಲು ಒಂದು ಕಾಗದ ಆಗುತ್ತದೆ. ನಾನು ಏರಿಸಿದ ಒಳಚರಂಡಿ ಟೆಂಡರ್‌ಗಳಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

ನಾಲ್ಕನೇ ದರ್ಜೆಗೆ ಅರ್ಜಿ ತಯಾರು ಮಾಡೋಣ, ಮೊದಲು ಜಿಎಸ್‌ಟಿ ಮಾಡಿಸಿ, ಚಾಲ್ತಿ ಖಾತೆ ತೆಗೆಯಿರಿ ಅಂದೆ. ಅಷ್ಟರಲ್ಲಿ ಈ ಟೆಂಡರ್ ಬಂತು. ಒಂದನೇ ದರ್ಜೆಯ ಗುತ್ತಿಗೆದಾರರಿಗೆ ಆಯಿತು.

ಮೊದಲ ಬೀದಿ

ಮೇಸ್ತ್ರಿಯನ್ನೇ ಕರೆಯುತ್ತಾರೆ ಅಂದುಕೊಂಡಿದ್ದೆವು. ಮೀಟರ್ ದರಕ್ಕೆ ಚೌಕಾಸಿ ಕುದುರಲಿಲ್ಲ. ಗುತ್ತಿಗೆದಾರರು ತಮ್ಮ ರಸ್ತೆ ಕೆಲಸದ ಜೆಸಿಬಿ ಗ್ಯಾಂಗಿಗೇ ಪೈಪನ್ನೂ ಒಪ್ಪಿಸಿದರು. ಅವರು ಬೇಗ ತೋಡುತ್ತಾರೆ, ಬೇಗ ಮುಚ್ಚುತ್ತಾರೆ. ರಸ್ತೆ ಕೆಲಸಕ್ಕೆ ಅದು ಒಳ್ಳೆಯ ಗುಣವೇ.

ಒಳಚರಂಡಿಗೆ ಬೇಕಾದ್ದು ವಾಟ, ಅಂದರೆ ನೀರು ತಾನೇ ಹರಿಯುವ ಇಳಿಜಾರು. ಈ ಲೈನ್ 200 ಮಿಲಿಮೀಟರ್ ಪೈಪಿನದು. ಅಂದಾಜುಪಟ್ಟಿಯಲ್ಲಿ 250ಕ್ಕೆ 1ರ ಇಳಿಜಾರು. ಒಂದು ಮ್ಯಾನ್‌ಹೋಲಿನಿಂದ ಇನ್ನೊಂದಕ್ಕೆ 30 ಮೀಟರ್. ಅಂದರೆ ಆ ದೂರದಲ್ಲಿ ಪೈಪಿನ ತಳ ಇಳಿಯಬೇಕಾದ್ದು ಬರೀ 12 ಸೆಂಟಿಮೀಟರ್. ಒಂದು ಗೇಣಿಗಿಂತ ಕಡಿಮೆ. ಜೆಸಿಬಿ ಬಕೆಟ್ಟಿನ ಒಂದು ಹಲ್ಲು ಆಳಕ್ಕೆ ಹೋದರೆ ಅಷ್ಟು ವ್ಯತ್ಯಾಸ ಆಗಿಬಿಡುತ್ತದೆ. ಅದಕ್ಕೇ ಬಕೆಟ್ ಕೆಲಸ ಒಂದು ಮಟ್ಟಕ್ಕೆ ನಿಲ್ಲಿಸಿ ಕೊನೆಯ ಪದರವನ್ನು ಕೈಯಲ್ಲಿ ತಿದ್ದಬೇಕು. ಮರಳಿನ ಹಾಸಿಗೆ ಹಾಕಬೇಕು. ಪ್ರತಿ ಪೈಪಿಗೂ ಲೆವೆಲ್ ನೋಡಬೇಕು. ಕೇಂದ್ರದ ಒಳಚರಂಡಿ ಕೈಪಿಡಿ ಸೆಕೆಂಡಿಗೆ 0.6 ಮೀಟರ್ ವೇಗವಾದರೂ ಬರಲಿ ಅನ್ನುತ್ತದೆ. ಅಷ್ಟು ವೇಗ ಇದ್ದರೆ ಕೊಳಕು ತಾನೇ ತೊಳೆದುಕೊಂಡು ಹೋಗುತ್ತದೆ. ಇಲ್ಲದಿದ್ದರೆ ನೀರು ಮುಂದೆ ಹೋಗಿ ಗಟ್ಟಿ ಪದಾರ್ಥ ತಳದಲ್ಲೇ ಕೂರುತ್ತದೆ.

ಮೊದಲ ಬೀದಿಯಲ್ಲಿ ಇದ್ಯಾವುದೂ ಆಗಲಿಲ್ಲ. ತೋಡಿದರು, ಪೈಪ್ ಇಳಿಸಿದರು, ತೆಗೆದ ಮಣ್ಣನ್ನೇ ಕಲ್ಲು ಸಮೇತ ಮೇಲೆ ದಬ್ಬಿದರು. ಟೆಂಡರಿನಲ್ಲಿ ತೋರಿಸಿದ್ದ ಡಿಪ್ಲೊಮಾ ಎಂಜಿನಿಯರ್ ಆ ವಾರ ಬೇರೆ ಊರಿನ ರಸ್ತೆ ಕೆಲಸದಲ್ಲಿದ್ದರು.

ನೀರಿನ ಕಡೆ ಆದದ್ದು ಇನ್ನೂ ಗಾಬರಿಯ ವಿಷಯ. ಬಕೆಟ್ಟಿಗೆ ಸಿಕ್ಕಿ ಮನೆಗಳ ನಲ್ಲಿ ಪೈಪ್ ಅಲ್ಲಲ್ಲಿ ಕಿತ್ತು ಬಂದವು. ಗ್ಯಾಂಗಿನವರು ಕಿತ್ತ ಕಡೆ ಸೈಕಲ್ ಟ್ಯೂಬ್ ಸುತ್ತಿ, ತಂತಿ ಬಿಗಿದು, ಮಣ್ಣು ಮುಚ್ಚಿದರು. ಆ ಊರಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ನೀರು ಬರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಸೋರಿದರೆ ಹೊರಕ್ಕೆ ಸೋರುತ್ತದೆ. ವಾಲ್ವ್ ಮುಚ್ಚಿದ ಮೇಲೆ ಪೈಪ್ ಖಾಲಿಯಾಗುತ್ತಾ ಸುತ್ತ ಇರುವುದನ್ನು ಒಳಕ್ಕೆ ಎಳೆಯುತ್ತದೆ. ಅದಕ್ಕೇ ಕುಡಿಯುವ ನೀರಿನ ಲೈನ್ ಒಳಚರಂಡಿಯಿಂದ ಸಾಧ್ಯವಾದಷ್ಟು ದೂರ ಇರಬೇಕು, ಅಡ್ಡ ಹಾಯುವ ಕಡೆ ಮೇಲಿರಬೇಕು ಅನ್ನುವ ನಿಯಮ ಇರುವುದು. ಸೈಕಲ್ ಟ್ಯೂಬಿನ ಪಕ್ಕದಲ್ಲೇ ಒಳಚರಂಡಿ ಜಾಯಿಂಟ್ ಇದ್ದರೆ ಒಳಕ್ಕೆ ಹೋಗುವುದು ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಎರಡು ಮನೆಯವರು ನಲ್ಲಿ ನೀರು ವಾಸನೆ ಬರುತ್ತಿದೆ ಅಂತ ಪುರಸಭೆಗೆ ಹೋದರು. ಒಳಚರಂಡಿಗೆ ಮನೆ ಕನೆಕ್ಷನ್ ಕೊಡಲು ಶುರು ಮಾಡಿದ ಬೀದಿ ಅದೇ. ಜ್ಯೂನಿಯರ್ ಎಂಜಿನಿಯರ್ ತಕ್ಷಣ ನೀರು ಬಿಡುವುದನ್ನು ನಿಲ್ಲಿಸಿ ಟ್ಯಾಂಕರ್ ಕಳಿಸಿದರು. ಅದು ಅವರು ಮಾಡಿದ ಒಳ್ಳೆಯ ಕೆಲಸ. ಕಾಯಿಲೆ ಬೀಳುವ ಮಟ್ಟಕ್ಕೆ ಹೋಗಲಿಲ್ಲ.

ಕನ್ನಡಿ

ಆಗ ಮೇಸ್ತ್ರಿಗೆ ಫೋನ್ ಹೋಯಿತು. ಈ ಸಲ ದರದ ಚೌಕಾಸಿ ಇರಲಿಲ್ಲ.

ಮೇಸ್ತ್ರಿ ಮೊದಲು ಕೇಳಿದ್ದು ಒಂದು ಕನ್ನಡಿ, ಒಂದು ಟಾರ್ಚ್. ಒಂದು ಮ್ಯಾನ್‌ಹೋಲಿನ ಪೈಪ್ ಬಾಯಿಗೆ ಟಾರ್ಚ್ ಹಿಡಿಯುವುದು, ಮುಂದಿನ ಮ್ಯಾನ್‌ಹೋಲಿನಲ್ಲಿ ಕನ್ನಡಿ ಓರೆ ಹಿಡಿದು ನೋಡುವುದು. ಪೈಪ್ ನೇರ ಇದ್ದರೆ ಕನ್ನಡಿಯಲ್ಲಿ ಬೆಳಕಿನ ಪೂರ್ತಿ ವೃತ್ತ ಕಾಣುತ್ತದೆ. ಹೊಸ ಲೈನ್ ಮುಚ್ಚುವ ಮೊದಲು ಮಾಡಲೇಬೇಕಾದ ಹಳೇ ಪರೀಕ್ಷೆ ಇದು. ಚೆಂಡು ಉರುಳಿಸುವ ಪರೀಕ್ಷೆ, ನೀರು ತುಂಬಿ ಸೋರಿಕೆ ನೋಡುವ ಪರೀಕ್ಷೆ ಇದರ ಜೊತೆಗಿನವು. ಮೂರನೇ ಮ್ಯಾನ್‌ಹೋಲ್ ಮತ್ತು ನಾಲ್ಕನೆಯದರ ನಡುವೆ ಕನ್ನಡಿಯಲ್ಲಿ ವೃತ್ತ ಕಾಣಲಿಲ್ಲ. ಮೇಲಿನ ಅಂಚಿನಲ್ಲಿ ಬೆಳಕಿನ ಒಂದು ತೆಳು ಗೆರೆ, ಅದರ ಕೆಳಗೆ ಕಪ್ಪು ನೀರು.

"ನಡುವೆ ಹೊಟ್ಟೆ ಬಿಟ್ಟಿದೆ" ಅಂದರು ಮೇಸ್ತ್ರಿ. ಪೈಪ್ ಮಧ್ಯದಲ್ಲಿ ಕೆಳಕ್ಕೆ ಬಾಗಿ ನೀರು ನಿಂತಿತ್ತು. ಲೆವೆಲ್ ಹಿಡಿದಾಗ 12 ಸೆಂಟಿಮೀಟರ್ ಇಳಿಯಬೇಕಾದ ಕಡೆ ತುದಿಯಿಂದ ತುದಿಗೆ 4 ಮಾತ್ರ ಇಳಿದಿತ್ತು. ಮುಂದಿನ ಒಂದು ತುಂಡಿನಲ್ಲಿ ವಾಟವೇ ಉಲ್ಟಾ.

ಕಡತದಲ್ಲಿ ಈ ಬೀದಿಯ ಅಳತೆ ಆಗಲೇ ಎಂ.ಬಿ. ಪುಸ್ತಕಕ್ಕೆ, ಅಂದರೆ ಅಳತೆ ಪುಸ್ತಕಕ್ಕೆ, ಏರಿತ್ತು. ಇಷ್ಟು ಮೀಟರ್ ಪೈಪ್, ಇಷ್ಟು ಮ್ಯಾನ್‌ಹೋಲ್. ಮೀಟರ್ ಲೆಕ್ಕ ಸರಿಯಾಗೇ ಇತ್ತು, ಅದರಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ಅಳತೆ ಪುಸ್ತಕಕ್ಕೆ ಉದ್ದ ಬೇಕು, ಬಿಲ್ಲಿಗೆ ಉದ್ದ ಬೇಕು. ವಾಟದ ಪರೀಕ್ಷೆಯ ಫಲಿತಾಂಶವನ್ನು ಬಿಲ್ಲಿನ ಜೊತೆ ಲಗತ್ತಿಸಲೇಬೇಕು ಅಂತ ಪುರಸಭೆ ಪಟ್ಟು ಹಿಡಿದಿದ್ದರೆ ಮೊದಲ ಬೀದಿ ಎರಡು ಸಲ ಅಗೆಯುವ ಸ್ಥಿತಿ ಬರುತ್ತಿರಲಿಲ್ಲ. ನನ್ನ ಕೇಳಿದರೆ ಇಡೀ ಪ್ರಕರಣದಲ್ಲಿ ಅತ್ಯಂತ ಅಗ್ಗವಾಗಿ ಸರಿ ಮಾಡಬಹುದಾಗಿದ್ದ ಜಾಗ ಇದೊಂದೇ. ಲೈಸೆನ್ಸ್ ನಿಯಮ ಬದಲಾಗಲು ವರ್ಷಗಳು ಬೇಕು. ಒಂದು ಕನ್ನಡಿಗೆ ನೂರು ರೂಪಾಯಿ ಸಾಕು.

ಬೀದಿಯನ್ನು ಮತ್ತೆ ಅಗೆದರು. ಮೇಸ್ತ್ರಿ ಎರಡು ಮ್ಯಾನ್‌ಹೋಲ್ ನಡುವೆ ನೈಲಾನ್ ದಾರ ಕಟ್ಟಿ, ಟ್ಯೂಬ್ ಲೆವೆಲ್ ಹಿಡಿದು, ದಾರದಿಂದ ಕೆಳಕ್ಕೆ ಅಳತೆ ಕೋಲಿಟ್ಟು ಒಂದೊಂದೇ ಪೈಪ್ ಕೂರಿಸಿದರು. ಸೈಕಲ್ ಟ್ಯೂಬ್ ಸುತ್ತಿದ ಕಡೆಯೆಲ್ಲ ಹೊಸ ಪೈಪ್, ಸರಿಯಾದ ಕಪ್ಲಿಂಗ್. ಮನೆಯವರು ನಿಂತು ನೋಡಿದರು. ಕಾಫಿ ಕೊಟ್ಟರು. ಮೊದಲ ಸಲ ಅಗೆದಾಗ ಬೈದವರೇ ಅವರು.

ಮ್ಯಾನ್‌ಹೋಲ್ ಮುಂದೆ

ಈ ಭಾಗ ಸ್ವಲ್ಪ ಉದ್ದ ಆಗಬಹುದು. ಆದರೆ ಲೈಸೆನ್ಸ್ ಯಾರ ಹೆಸರಲ್ಲಿದೆ ಅನ್ನುವ ಪ್ರಶ್ನೆ ಪ್ರಾಣದ ಪ್ರಶ್ನೆ ಆಗುವುದು ಇಲ್ಲೇ.

ಹೊಸ ಲೈನನ್ನು ಊರಿನ ಹಳೇ ಲೈನಿಗೆ ಸೇರಿಸಬೇಕಿತ್ತು. ಸೇರಬೇಕಾದ ಹಳೇ ಮ್ಯಾನ್‌ಹೋಲ್ ಆಳವಾದದ್ದು, ಹರಿಯುತ್ತಿರುವುದು. ಅದರ ಗೋಡೆಗೆ ತೂತು ಕೊರೆಯಬೇಕು. ತಳದಲ್ಲಿ ಹೂಳು ಬೇರೆ. ಗ್ಯಾಂಗಿನ ಸೂಪರ್‌ವೈಸರ್ ಒಬ್ಬ ಹುಡುಗನಿಗೆ ಹಗ್ಗ ಕಟ್ಟಿ ಇಳಿಸೋಣ, ಅರ್ಧ ಗಂಟೆ ಕೆಲಸ ಅಂದರು. ಮೇಸ್ತ್ರಿ ಒಪ್ಪಲಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಮೇಸ್ತ್ರಿಗೆ ಗೊತ್ತಿದ್ದದ್ದು ಒಂದೇ ಸಾಲು: "ಯಾರನ್ನೂ ಇಳಿಸಂಗಿಲ್ಲ." ಆ ಸಾಲು ಸರಿಯಾಗೇ ಇದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ 7ನೇ ಕಲಂ ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಶುಚಿಗೆ ನೇರವಾಗಿಯಾಗಲಿ, ಪರೋಕ್ಷವಾಗಿಯಾಗಲಿ ಯಾರನ್ನೂ ಹಚ್ಚುವಂತಿಲ್ಲ ಅನ್ನುತ್ತದೆ. ಮೊದಲ ಸಲ ತಪ್ಪಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷ. ಅದೇ ವರ್ಷ ಬಂದ ನಿಯಮಗಳಲ್ಲಿ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಇದೆ. ಅದರಲ್ಲೊಂದು ಹೊಸ ಲೈನನ್ನು ಹಳೆಯದಕ್ಕೆ ಸೇರಿಸುವ ಕೆಲಸ. ಆದರೆ ಅದು 300 ಮಿಲಿಮೀಟರ್‌ಗಿಂತ ದೊಡ್ಡ ಒಳಚರಂಡಿಗೆ. ನಮ್ಮದು 200. ಹಾಗಾಗಿ ಆ ಬಾಗಿಲು ಮುಚ್ಚಿತ್ತು. ಬೇರೆ ಕಾರಣಕ್ಕೆ ಇಳಿಸಲೇಬೇಕು ಅಂದರೆ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬೇಕು. ಅದರ ಮೇಲೆ ರಕ್ಷಣಾ ಸಲಕರಣೆಯ ಉದ್ದನೆಯ ಪಟ್ಟಿ ಬೇರೆ. ಅರ್ಧ ಗಂಟೆ ಕೆಲಸಕ್ಕೆ ಅಂಥ ಸಹಿ ಹಾಕಲು ಯಾವ ಮುಖ್ಯಾಧಿಕಾರಿಯೂ ಪೆನ್ನು ತೆಗೆಯುವುದಿಲ್ಲ. ತೆಗೆಯಬಾರದು ಕೂಡ.

ಅಲ್ಲಿ ಸಾಯಿಸುವುದು ಹೈಡ್ರೋಜನ್ ಸಲ್ಫೈಡ್ ಅನಿಲ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದಾಗ ಮೂಗಿನ ಶಕ್ತಿಯೇ ಹೋಗುತ್ತದೆ, ವಾಸನೆ ನಿಂತಿತು ಅಂತ ಧೈರ್ಯ ಬರುತ್ತದೆ. ಒಬ್ಬರು ಕುಸಿದರೆ ಎತ್ತಲು ಇನ್ನೊಬ್ಬರು ಇಳಿಯುತ್ತಾರೆ, ಅವರೂ ಹೋಗುತ್ತಾರೆ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಒಂದೇ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತದ್ದು ಅನೇಕರಿಗೆ ನೆನಪಿರಬಹುದು. ಗುತ್ತಿಗೆಯ ಕೆಲಸಗಾರರು ಅವರು.

ಇಂಥ ಸಾವಿಗೆ 10 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಒಳಚರಂಡಿಗೆ ಮನುಷ್ಯರನ್ನು ಇಳಿಸಿ ಶುಚಿ ಮಾಡಿಸುವುದನ್ನು ನಿಲ್ಲಿಸಿ ಅಂತ ಮತ್ತೆ ಆದೇಶ ಮಾಡಿತು. 2013ರಲ್ಲೇ ಕಾನೂನು ಇದ್ದ ಮೇಲೂ ಮತ್ತೆ ಹೇಳಬೇಕಾಗಿ ಬಂತು ಅನ್ನುವುದನ್ನು ಗಮನಿಸಿ.

ಸೂಪರ್‌ವೈಸರ್ ವಾದ ಏನಿತ್ತು ಅಂದರೆ, "ಏನಾದ್ರೂ ಆದ್ರೆ ಓನರ್ ನೋಡ್ಕೋತಾರೆ, ಲೈಸೆನ್ಸ್ ಅವರದ್ದು ತಾನೆ?" ಗುತ್ತಿಗೆದಾರರನ್ನು ಆಮೇಲೆ ಕೇಳಿದಾಗ ಅವರಂದದ್ದು: "ಪೈಪ್ ಕೆಲಸ ಪೂರ್ತಿ ಸಬ್ ಕಾಂಟ್ರಾಕ್ಟ್‌ಗೆ ಕೊಟ್ಟಿದ್ದೆ, ಸೈಟಲ್ಲಿ ಏನು ನಡೀತಿತ್ತು ನನಗೇನು ಗೊತ್ತು?" ಎರಡೂ ಮಾತನ್ನು ಒಟ್ಟಿಗಿಟ್ಟು ನೋಡಿ. ಕೆಳಗಿನವರು ಮೇಲೆ ತೋರಿಸುತ್ತಾರೆ, ಮೇಲಿನವರು ಕೆಳಗೆ. ಕಾಯ್ದೆ 'ಪರೋಕ್ಷವಾಗಿ' ಅನ್ನುವ ಮಾತು ಸೇರಿಸಿರುವುದು ಈ ಆಟ ನಡೆಯಬಾರದು ಅಂತಲೇ. ಹುಡುಗ ಇಳಿದು ಏನಾದರೂ ಆಗಿದ್ದರೆ ಗುತ್ತಿಗೆದಾರರು ಮಾತ್ರವಲ್ಲ, ಪುರಸಭೆಯೂ ಉತ್ತರ ಹೇಳಬೇಕಿತ್ತು.

ಕೊನೆಗೆ ಪಕ್ಕದ ದೊಡ್ಡ ಊರಿನಿಂದ ಜೆಟ್ಟಿಂಗ್ ಯಂತ್ರ ತರಿಸಿ ಹೂಳು ತೆಗೆದರು. ಮೇಸ್ತ್ರಿ ಹಳೇ ಮ್ಯಾನ್‌ಹೋಲಿನೊಳಗೆ ಕೊರೆಯುವ ಬದಲು ಅದಕ್ಕೂ ಮೊದಲೇ ಬರುವ ಲೈನಿನ ಮೇಲೆ ಒಂದು ಹೊಸ ಮ್ಯಾನ್‌ಹೋಲ್ ಕಟ್ಟೋಣ ಅಂದರು. ಮೇಲಿನ ಹರಿವನ್ನು ಪಂಪಿನಿಂದ ಬೇರೆ ಕಡೆ ತಿರುಗಿಸಿ, ಹೊರಗಿನಿಂದ ಬಯಲು ಗುಂಡಿ ಅಗೆದು ಲೈನನ್ನು ಅಲ್ಲಿ ಸೇರಿಸಿದರು. ಖರ್ಚು ಜಾಸ್ತಿ ಆಯಿತು. ಎಂಜಿನಿಯರ್ ಅದನ್ನು ಹೆಚ್ಚುವರಿ ಐಟಂ ಅಂತ ಒಪ್ಪಿದರು. ಯಾರೂ ಒಳಗಿಳಿಯಲಿಲ್ಲ.

ಸರ್ಟಿಫಿಕೇಟ್ ಯಾರಿಗೆ

ಕೆಲಸ ಮುಗಿದ ಮೇಲೆ ಪುರಸಭೆ ಕಂಪ್ಲೀಷನ್ ಸರ್ಟಿಫಿಕೇಟ್ ಕೊಟ್ಟಿತು. ಗುತ್ತಿಗೆದಾರರ ಹೆಸರಿಗೆ. ನಿಯಮದ ಪ್ರಕಾರ ಅದೇ ಸರಿ. ಒಪ್ಪಂದ ಅವರದು, ಠೇವಣಿ ಅವರದು, ದೋಷ ಹೊಣೆಯ ಅವಧಿಯ (ಕೆಲಸ ಮುಗಿದ ಮೇಲೆ ಕೆಟ್ಟರೆ ಸರಿ ಮಾಡಿಕೊಡಬೇಕಾದ ಕಾಲ) ಭಾರವೂ ಅವರದೇ. ಒಬ್ಬರನ್ನು ಹಿಡಿದು ಕೇಳಲು ಆಗಬೇಕು ಅಂತಲೇ ಈ ವ್ಯವಸ್ಥೆ. ಅದನ್ನು ನಾನು ತಪ್ಪು ಅನ್ನುವುದಿಲ್ಲ.

ಆದರೆ ಈ ಸರ್ಟಿಫಿಕೇಟ್ ಹಿಡಿದು ಅವರು ಮುಂದಿನ ಊರಿನ ಯುಜಿಡಿಗೆ 'ಇದೇ ತರಹದ ಕೆಲಸ' ಅಂತ ತೋರಿಸುತ್ತಾರೆ. ಅಲ್ಲಿ ಮತ್ತೆ ಅದೇ ಜೆಸಿಬಿ ಗ್ಯಾಂಗ್ ಹೋಗಬಹುದು. ಮೇಸ್ತ್ರಿಯ ಹತ್ತಿರ ಮತ್ತೆ ಫೋಟೋ ಮಾತ್ರ.

ಕೆ.ಡಬ್ಲ್ಯು-4ರ ಷರತ್ತುಗಳಲ್ಲಿ ಉಪಗುತ್ತಿಗೆಗೆ ದಾರಿ ಇದೆ. ಅನುಮತಿ ಪಡೆದು ಕೊಡಬಹುದು, ಮುಖ್ಯ ಗುತ್ತಿಗೆದಾರರ ಹೊಣೆ ಮಾತ್ರ ಕಡಿಮೆಯಾಗುವುದಿಲ್ಲ. ಆದರೂ ಅನುಮತಿ ಕೇಳುವವರು ಕಡಿಮೆ. ಕೇಳಿದರೆ ಉಪಗುತ್ತಿಗೆದಾರನ ಹೆಸರು ಕಡತಕ್ಕೆ ಬರುತ್ತದೆ, ನಾಳೆ ಅವನೇ ಪೈಪೋಟಿಗೆ ನಿಲ್ಲುತ್ತಾನೆ ಅನ್ನುವ ಭಯ.

ಬೇರೆ ಕಡೆ ಹೇಗಿದೆ ಅಂತ ಕುತೂಹಲಕ್ಕೆ ನೋಡಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗುತ್ತಿಗೆದಾರರ ಲೈಸೆನ್ಸ್ ಮಂಡಳಿ ಕಸುಬಿಗೊಂದು ವರ್ಗ ಮಾಡಿದೆ. ಪ್ಲಂಬಿಂಗ್ ಸಿ-36, ಒಳಚರಂಡಿ ಮತ್ತು ಸೆಪ್ಟಿಕ್ ಕೆಲಸ ಸಿ-42, ಪೈಪ್‌ಲೈನ್ ಸಿ-34. ಲೈಸೆನ್ಸಿಗೆ ಒಬ್ಬ ವ್ಯಕ್ತಿಯನ್ನು ಅರ್ಹತೆಯ ಆಳು ಅಂತ ತೋರಿಸಬೇಕು. ಆತ ಆ ಕಸುಬಿನಲ್ಲಿ ನಾಲ್ಕು ವರ್ಷ ಪಳಗಿರಬೇಕು. ಸಾಮಾನ್ಯವಾಗಿ ಕಸುಬಿನ ಪರೀಕ್ಷೆ ಒಂದು, ಕಾನೂನಿನ ಪರೀಕ್ಷೆ ಒಂದು ಪಾಸಾಗಬೇಕು. ಮೇಲೆ 25,000 ಡಾಲರಿನ ಬಾಂಡ್. ನನಗೆ ಹಿಡಿಸಿದ್ದು ಬೇರೆ ಒಂದು ವಿಷಯ. ಆ ನಾಲ್ಕು ವರ್ಷದ ಅನುಭವಕ್ಕೆ ಮಾಲೀಕರೇ ಸಹಿ ಹಾಕಬೇಕು ಅಂತಿಲ್ಲ. ಜೊತೆಗೆ ಕೆಲಸ ಮಾಡಿದವರು, ಕೆಲಸವನ್ನು ಕಣ್ಣಾರೆ ಕಂಡ ಇನ್ಸ್‌ಪೆಕ್ಟರ್ ಕೂಡ ಸಹಿ ಹಾಕಬಹುದು. ನಮ್ಮ ಮೇಸ್ತ್ರಿ ಅಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಪರೀಕ್ಷೆಗೆ ಕೂತಿರುತ್ತಿದ್ದರು. ಅಲ್ಲಿ ಎಲ್ಲ ಸರಿಯಿದೆ ಅಂತಲ್ಲ, ಹೆಸರಿಗೆ ಮಾತ್ರ ಅರ್ಹತೆಯ ಆಳಾಗಿ ನಿಲ್ಲುವವರ ಕಾಟ ಅಲ್ಲೂ ಇದೆ. ಆದರೂ ಪ್ರಶ್ನೆಪತ್ರಿಕೆ ಪೈಪಿನ ಬಗ್ಗೆ ಕೇಳುತ್ತದೆ. ನಮ್ಮಲ್ಲಿ ವಹಿವಾಟಿನ ಬಗ್ಗೆ.

ಮೇಸ್ತ್ರಿ ಏನು ಮಾಡಿದರು

ನಿಯಮ ಬದಲಾಗುವವರೆಗೆ ಕಾಯಲು ಆಗುವುದಿಲ್ಲ. ಇರುವ ನಿಯಮದೊಳಗೆ ಕಾಗದ ಹುಟ್ಟಿಸುವುದು ಹೇಗೆ ಅಂತ ಕೂತು ಲೆಕ್ಕ ಹಾಕಿದೆವು.

ಮೊದಲನೆಯದು ದುಡ್ಡಿನ ದಾರಿ. ಎರಡನೇ ಸಲ ಅಗೆದ ಬೀದಿಯ ಹಣವನ್ನು ಮೇಸ್ತ್ರಿ ನಗದಾಗಿ ತೆಗೆದುಕೊಳ್ಳಲಿಲ್ಲ. ಬ್ಯಾಂಕಿಗೆ ಹಾಕಿ, ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಿರಿ ಅಂದರು. ಗುತ್ತಿಗೆ ಹಣ ಒಬ್ಬ ವ್ಯಕ್ತಿಗೆ ಹೋದರೆ 1 ಪರ್ಸೆಂಟ್ ಹಿಡಿಯುತ್ತಾರೆ. ಹಿಡಿದದ್ದು ಆದಾಯ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಮೇಸ್ತ್ರಿಯ ಪ್ಯಾನ್ ಎದುರು ಕಾಣುತ್ತದೆ. ಇಂಥ ಗುತ್ತಿಗೆದಾರರಿಂದ ಇಷ್ಟು ಹಣ ಬಂತು ಅನ್ನುವುದಕ್ಕೆ ಸರ್ಕಾರದ್ದೇ ಪುರಾವೆ. ತೆರಿಗೆ ಅಂದರೆ ದೂರ ಓಡುವವರಿಗೆ ಇದು ವಿಚಿತ್ರ ಅನಿಸಬಹುದು. ಸಣ್ಣ ಗುತ್ತಿಗೆದಾರನಿಗೆ ಆ 1 ಪರ್ಸೆಂಟ್ ನಷ್ಟವೂ ಅಲ್ಲ, ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ. ಅವನ ಮೊದಲ ವಹಿವಾಟು ದಾಖಲೆ ಅದು.

ಗುತ್ತಿಗೆದಾರರು ಗೊಣಗಿದರು. "ಸುಮ್ನೆ ಕ್ಯಾಶ್ ತಗೊಳಪ್ಪ, ಯಾಕೆ ತಲೆನೋವು?" ಆದರೆ ಆಗ ಬೀದಿ ಅಗೆದು ಬಿದ್ದಿತ್ತು, ವಾರ್ಡಿನ ಸದಸ್ಯರು ದಿನಾ ಫೋನ್ ಮಾಡುತ್ತಿದ್ದರು. ಒಪ್ಪಿದರು.

ಎರಡನೆಯದು ಜಿಎಸ್‌ಟಿ. ಸೇವೆಗೆ 20 ಲಕ್ಷದವರೆಗೆ ಕಡ್ಡಾಯವಿಲ್ಲ. ಆದರೂ ಸ್ವಂತ ಇಚ್ಛೆಯಿಂದ ಮಾಡಿಸಿದರು, ನೋಂದಣಿ ಅರ್ಜಿಗೆ ಬೇಕು ಅಂತ. ತಿಂಗಳು ತಿಂಗಳು ರಿಟರ್ನ್ ಹಾಕುವ ಕಾಟ ಅದರ ಜೊತೆಗೇ ಬಂತು. ಕೆಲಸ ಇಲ್ಲದ ತಿಂಗಳೂ ಸೊನ್ನೆ ರಿಟರ್ನ್ ಹಾಕದಿದ್ದರೆ ದಂಡ.

ಮೂರನೆಯದು ಸ್ವಲ್ಪ ಕಷ್ಟದ್ದು. ಮೊದಲ ಬೀದಿಯ ದುರಸ್ತಿ ಮತ್ತು ಹೊಸ ಮ್ಯಾನ್‌ಹೋಲ್ ಕೆಲಸಕ್ಕೆ ಉಪಗುತ್ತಿಗೆ ಅಂತ ಗುತ್ತಿಗೆದಾರರಿಂದ ಒಂದು ವರ್ಕ್ ಆರ್ಡರ್, ಮುಗಿದ ಮೇಲೆ ಒಂದು ಕೆಲಸದ ಪತ್ರ ಕೇಳಿದೆವು. ವರ್ಕ್ ಆರ್ಡರ್ ಕೊಟ್ಟರು. ಪತ್ರವನ್ನೂ ಕೊಟ್ಟರು. ಅದಕ್ಕೆ ಪುರಸಭೆಯ ಮೇಲುಸಹಿ ಬೇಕು ಅಂತ ಮೇಸ್ತ್ರಿ ಹೋದರೆ, ಉಪಗುತ್ತಿಗೆಗೆ ಅನುಮತಿ ಕೊಟ್ಟ ಆದೇಶ ನಮ್ಮ ಕಡತದಲ್ಲಿಲ್ಲ, ಹೇಗೆ ಸಹಿ ಹಾಕುವುದು ಅಂತ ಕೇಳಿದರು. ಅವರ ಮಾತೂ ಸರಿಯೇ. ಆ ಪತ್ರ ಮೇಲುಸಹಿ ಇಲ್ಲದೆ ಹಾಗೇ ಇದೆ.

ನಾಲ್ಕನೇ ದರ್ಜೆಯ ನೋಂದಣಿ ಆಯಿತು. ಸಾಲ್ವೆನ್ಸಿಗೆ ಅವರ ತಂದೆಯ ಮನೆಯ ದಾಖಲೆ ಬ್ಯಾಂಕಿಗೆ ಕೊಡಬೇಕಾಯಿತು. ಮನೆಯಲ್ಲಿ ಆ ಬಗ್ಗೆ ಜಗಳವೂ ಆಯಿತಂತೆ. ಆಮೇಲೆ ಒಂದು ಗ್ರಾಮ ಪಂಚಾಯಿತಿಯ ನೀರಿನ ಲೈನ್ ದುರಸ್ತಿ ಅವರ ಸ್ವಂತ ಹೆಸರಿಗೆ ಬಂತು. ಸಣ್ಣದು, ಲಾಭವೂ ಅಷ್ಟಕ್ಕಷ್ಟೇ. ಆದರೆ ಅದರ ಸರ್ಟಿಫಿಕೇಟಿನಲ್ಲಿ ಅವರ ಹೆಸರಿದೆ.

ಯುಜಿಡಿ ಟೆಂಡರ್ ಹಾಕುವ ಮಟ್ಟಕ್ಕೆ ಬರಲು ಇನ್ನೂ ವರ್ಷಗಳು ಬೇಕು. ಅವರ ಈಗಿನ ವಹಿವಾಟು 9 ಲಕ್ಷದ ಆಸುಪಾಸು. ಒಂಬತ್ತು ತಿಂಗಳ ಕೆಲಸಕ್ಕೆ ಆ ಸೂತ್ರ ಹಚ್ಚಿದರೆ ಸಾಮರ್ಥ್ಯ ಬರುವುದು 10 ಲಕ್ಷ ಚಿಲ್ಲರೆ. ಒಂದೂಕಾಲು ಕೋಟಿಯ ಕೆಲಸವನ್ನು ಅತಿ ಚೆನ್ನಾಗಿ ಮಾಡಬಲ್ಲವರು ಕಾಗದದಲ್ಲಿ ಅದರ ಹತ್ತನೇ ಒಂದು ಭಾಗಕ್ಕೂ ಅರ್ಹರಲ್ಲ.

ಆ ವಾರ್ಡಿನಲ್ಲಿ ದೋಷ ಹೊಣೆಯ ಅವಧಿ ಇನ್ನೂ ಮುಗಿದಿಲ್ಲ. ಚೇಂಬರ್ ಕಟ್ಟಿಕೊಂಡರೆ ಜನ ಗುತ್ತಿಗೆದಾರರಿಗೆ ಫೋನ್ ಮಾಡುವುದಿಲ್ಲ, ಮೇಸ್ತ್ರಿಗೇ ಮಾಡುತ್ತಾರೆ. ಮೇಸ್ತ್ರಿ ಈಗ ಮೊದಲು ಗುತ್ತಿಗೆದಾರರಿಗೆ ವಾಟ್ಸಾಪ್ ಮಾಡಿ ವರ್ಕ್ ಆರ್ಡರ್ ಕೇಳುತ್ತಾರೆ. ಪಿಡಿಎಫ್ ಬಂದ ಮೇಲೇ ಸಾಮಾನು ಎತ್ತುವುದು. ಕಳೆದ ಸಲ ಬರಲು ಎರಡು ದಿನ ಆಯಿತು, ಅಷ್ಟೂ ಹೊತ್ತು ಬೀದಿಯವರು ಇಬ್ಬರಿಗೂ ಬೈದರು.